ನಾಲಿಗೆ ಮುಟ್ಟದ ಅಡುಗೆ

ಸಾರು ಕುದಿಯುವ ಪಾತ್ರೆಯ ಮುಚ್ಚಳ ತೆಗೆದರೆ ಕಾಕು ಮೊದಲು ಮುಖವನ್ನು ಬಲಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಮೂಗಿಗೆ ಸೆರಗು ಒತ್ತಿ ಹಿಡಿದು, ಎಡಗಿವಿಯನ್ನು ಹಬೆಗೆ ಕೊಡುತ್ತಿದ್ದರು. ವರ್ಷಗಟ್ಟಲೆ ಹಬೆ ತಾಗಿ ಆ ಕಿವಿಯ ಹಾಲೆ ಬಲಗಿವಿಗಿಂತ ಕೆಂಪಾಗಿತ್ತು, ಓಲೆಯ ಕೆಳಗೆ ನೀರಿನ ಹನಿಯೊಂದು ಕಟ್ಟಿಕೊಂಡು ತೂಗುತ್ತಿತ್ತು. ಹತ್ತು ಎಣಿಸುವಷ್ಟು ಹೊತ್ತು ಹಾಗೆ ಬಗ್ಗಿ ನಿಂತು, "ಇನ್ನೊಂದ ಚಿಟಿಕಿ ಉಪ್ಪು ಬೇಕಂತದ," ಎಂದು ಹೇಳಿ, ಉಪ್ಪು ಹಾಕಿ ಮುಚ್ಚಳ ಮುಚ್ಚುತ್ತಿದ್ದರು. ನಮ್ಮ ಕನ್ನಡಿಗರ ಮಂಡಳಿಯ ಸಭಾಗೃಹ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ರೈಲು ಹಳಿಯ ಪಕ್ಕದಲ್ಲೇ ಇತ್ತು. ಫಾಸ್ಟ್ ಲೋಕಲ್ ಬಂದರೆ ಕೈ ಎತ್ತಿ ಎಲ್ಲರನ್ನೂ ತಡೆಯುತ್ತಿದ್ದರು. "ತಡೀರಿ, ಗಾಡಿ ಹೋಗಲಿ. ಸಾರಿನ ಮಾತು ಕೇಳವಲ್ತು."

ದೇವರಿಗೆ ಇಡುವ ಅಡುಗೆಯನ್ನು ಅಡುಗೆಯವರು ರುಚಿ ನೋಡಬಾರದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನೇಮ. ಕಾಕು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಮೂಸುವುದೂ ಅರ್ಧ ಉಂಡ ಹಾಗೆ ಎಂಬುದು ಅವರ ಲೆಕ್ಕ. ಇನ್ನೂರು ಎಲೆಯ ಅಡುಗೆಯನ್ನು ಕಣ್ಣು, ಕೈ, ಕಿವಿ ಮೂರರಲ್ಲೇ ಮುಗಿಸುತ್ತಿದ್ದರು. ಹೂರಣ ಸರಿ ಬಂದಿದೆಯೇ ಎಂದು ನೋಡಲು ಸೌಟನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು, ಬೀಳದಿದ್ದರೆ ಆಯಿತು. "ದೇವರಕಿಂತ ಮೊದಲ ಉಣ್ಣಾಕಿ ನಾ ಅಲ್ಲ," ಎನ್ನುವುದು ಅವರ ಬಾಯಿಯಲ್ಲಿ ದಿನಕ್ಕೆರಡು ಸಲ ಬರುವ ಮಾತು. ಹೇಳುವಾಗ ಭಕ್ತಿಗಿಂತ ಹೆಚ್ಚು ಜಂಬವೇ ಕಾಣುತ್ತಿತ್ತು. ಇರಲಿ, ಜಂಬ ಪಡುವಂಥ ಕೆಲಸವೇ ಅದು.

ಚಿಕ್ಕಮ್ಮ ಎನ್ನುವ ಅರ್ಥದಲ್ಲಿ ಎಲ್ಲರೂ ಕಾಕು ಎಂದೇ ಕರೆಯುತ್ತಿದ್ದ ಅವರು ವಿಜಾಪುರದ ಕಡೆಯವರು. ಗಂಡ ತೀರಿಕೊಂಡ ಮೇಲೆ ಡೊಂಬಿವಲಿ ಪೂರ್ವದ ಒಂದು ಒಂಟಿಕೋಣೆಯ ಖೋಲಿಯಲ್ಲಿದ್ದುಕೊಂಡು ಮಂಡಳಿಯ ಪೂಜೆ, ಮನೆಮನೆಯ ಸತ್ಯನಾರಾಯಣ, ಶ್ರಾವಣದ ಶುಕ್ರವಾರಗಳಿಗೆ ಅಡುಗೆ ಮಾಡುತ್ತಿದ್ದರು. ಒಬ್ಬಳೇ ಮಗಳು, ಮದುವೆಯಾಗಿ ಪನವೇಲಿನ ಹತ್ತಿರದ ಕಾಮೋಠೆಯಲ್ಲಿದ್ದಳು. ನಾನು ಉಡುಪಿಯ ಕಡೆಯವಳು, ಔಷಧಶಾಸ್ತ್ರದ ಡಿಪ್ಲೊಮಾ ಹಿಡಿದುಕೊಂಡು ಮದುವೆಯಾಗಿ ಬಂದು ಗಂಡನ ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಂತವಳು. ಕಾಕು ನನ್ನನ್ನು ಕರೆಯುತ್ತಿದ್ದುದು "ಗುಳಿಗಿ ಹುಡುಗಿ" ಎಂದು. ನನ್ನ ಸಿಟ್ಟು ಮೂಗಿನ ತುದಿಯಲ್ಲಿ, ಮಾತು ಅದಕ್ಕಿಂತಲೂ ಮುಂದೆ. ಈ ಎರಡನೆಯದರಿಂದ ಆದ ಅನಾಹುತವನ್ನೇ ಈಗ ಹೇಳಬೇಕಾಗಿರುವುದು.

ಕಾಕು ಅಂಗಡಿಗೆ ಬರುತ್ತಿದ್ದುದು ಎರಡು ಔಷಧಿಗಳಿಗೆ. ಒಂದು, ಹೊಟ್ಟೆ ಉರಿಯ ಗುಳಿಗೆ. ಇನ್ನೊಂದು, ಸಕ್ಕರೆ ಕಾಯಿಲೆಯ ಗುಳಿಗೆ. ಮೊದಲನೆಯದು ಎಷ್ಟು ವರ್ಷದಿಂದ ನಡೆಯುತ್ತಿತ್ತೋ ಅವರಿಗೇ ನೆನಪಿರಲಿಲ್ಲ. ಎದೆಗೂಡಿನ ಕೆಳಗೆ ಎರಡು ಬೆರಳು ಒತ್ತಿ ಹಿಡಿದುಕೊಂಡೇ ಬರುತ್ತಿದ್ದರು, ಉದ್ದ ತೇಗು ಬಂದರೆ ಮುಖ ಆಚೆ ತಿರುಗಿಸುತ್ತಿದ್ದರು. "ಎಂತ ಕಾಕು, ಪುನಃ ಉರಿಯಾ?" ಎಂದರೆ, "ಒಲಿ ಮುಂದ ನಿಂತಾಕಿಗೆ ಉರಿ ಬಿಟ್ಟ ಇನ್ನೇನ ಸಿಗ್ತದ, ಕೊಡು," ಎನ್ನುತ್ತಿದ್ದರು. ನಾನು ಕೊಡುತ್ತಿದ್ದೆ. ಚೀಟಿ ಕೇಳುತ್ತಿರಲಿಲ್ಲ. ಹೊಟ್ಟೆ ಉರಿಯ ಗುಳಿಗೆಗೆ ಚೀಟಿ ಕೇಳಿದರೆ ಡೊಂಬಿವಲಿಯಲ್ಲಿ ಜನ ನಗುತ್ತಾರೆ.

ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ಏರುತ್ತಾ ಹೋಯಿತು. ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ಮೂರಾಯಿತು, ಸಕ್ಕರೆ ಇಳಿಯಲಿಲ್ಲ. ಅವರು ತೋರಿಸಿಕೊಳ್ಳುತ್ತಿದ್ದ ಮರಾಠಿ ಡಾಕ್ಟರು ಪ್ರತಿ ಸಲ ಒಂದೇ ಮಂತ್ರ ಹೇಳುತ್ತಿದ್ದರು, "ಕಾಕೂ, ಗೋಡ್ ಬಂದ್, ಭಾತ್ ಬಂದ್." ಸಿಹಿ ಬಿಡಿ, ಅನ್ನ ಬಿಡಿ. ಕಾಕು ಎರಡನ್ನೂ ಬಿಟ್ಟು ವರ್ಷವಾಗಿತ್ತು. "ಬಿಟ್ಟೇನ್ರಿ," ಎಂದರೆ ಡಾಕ್ಟರು ನಗುತ್ತಿದ್ದರಂತೆ. ಮಗಳು ಕಾಮೋಠೆಯಿಂದ ಬಂದವಳು ಡಬ್ಬಿಗಳನ್ನೆಲ್ಲ ಇಳಿಸಿ ತಪಾಸಣೆ ಮಾಡಿ ಹೋದಳು. ಅರ್ಧ ಅಚ್ಚು ಬೆಲ್ಲ ಸಿಕ್ಕಿತು. ಯಾರದೋ ಮನೆಯ ಪೂಜೆಗೆ ತಂದದ್ದೆಂದು ತಾಯಿ ಹೇಳಿದರೆ, "ಹಂಗಾದ್ರ ಸಕ್ರಿ ಹೆಂಗ ಏರ್ತದವಾ?" ಎಂದು ಕೇಳಿದಳು.

ಸಕ್ಕರೆ ಕಾಯಿಲೆ ಬಂದವರನ್ನು ಕಳ್ಳರಂತೆ ನೋಡುವವರನ್ನು ಕಂಡರೆ ನನಗೆ ಈಗ ಮೈಯೆಲ್ಲ ಉರಿಯುತ್ತದೆ. ಆದರೆ ಆಗ ನಾನೂ ಅವರಲ್ಲೊಬ್ಬಳು. ಒಂದು ದಿನ ಮೂರನೆಯ ಗುಳಿಗೆ ಕೊಡುವಾಗ ಹೇಳಿಯೇ ಬಿಟ್ಟೆ, "ಕಾಕು, ಬೇಜಾರು ಮಾಡ್ಬೇಡಿ, ನೀವು ಎಲ್ಲೋ ಒಂಚೂರು ರುಚಿ ನೋಡ್ತೀರಿ ಅಂತ ಕಾಣ್ತದೆ. ಹೂರಣ ಅಂದ ಮೇಲೆ ಕೈ ಸುಮ್ಮನೆ ಇರ್ತದಾ?"

ಅವರು ಕೈಯಲ್ಲಿದ್ದ ಗುಳಿಗೆಯ ಪಟ್ಟಿಯನ್ನು ಕೌಂಟರಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಹೊರಟುಹೋದರು. ಆ ತಿಂಗಳಿಡೀ ನಮ್ಮ ಅಂಗಡಿಗೆ ಬರಲಿಲ್ಲ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಅದೇ ವಾರ ಮಂಡಳಿಯ ಕಾರ್ಯದರ್ಶಿ ಬಾಯಿ ಥೈರಾಯ್ಡ್ ಗುಳಿಗೆಗೆಂದು ಅಂಗಡಿಗೆ ಬಂದರು. ಮೈಸೂರಿನವರಾದರೂ ಇಲ್ಲಿನ ಮರ್ಯಾದೆಯಂತೆ ಎಲ್ಲರಿಗೂ 'ಬಾಯಿ', ಶಿಸ್ತಿನ ಹೆಂಗಸು, ಸಭೆ ಐದಕ್ಕೆ ಎಂದರೆ ಐದಕ್ಕೆ ಬಾಗಿಲು ಹಾಕಿಸುವವರು. ಅದೂ ಇದೂ ಮಾತಾಡುತ್ತಾ ನನ್ನ ಬಾಯಿಂದ ಜಾರಿತು, "ಮೂರು ಗುಳಿಗೆಗೂ ಕಾಕುವಿನ ಸಕ್ಕರೆ ಇಳಿಯುವುದಿಲ್ಲ ನೋಡಿ. ರುಚಿ ನೋಡ್ತಾರೋ ಏನೋ." ಆಡಿದ ಮಾತು, ಒಡೆದ ಮುತ್ತು. ನಾನು ಆಡಿದ್ದು ಕಾಯಿಲೆಯ ಮಾತು, ಅವರಿಗೆ ಕೇಳಿಸಿದ್ದು ನೈವೇದ್ಯದ ಮಾತು. ಕಾಕು ರುಚಿ ನೋಡುತ್ತಾರೆ ಎಂದರೆ ಇಷ್ಟು ವರ್ಷ ದೇವರಿಗೆ ಇಟ್ಟದ್ದೆಲ್ಲ ಎಂಜಲು.

ಗಣಪತಿ ಮುಗಿದು ಪಿತೃಪಕ್ಷ ಹತ್ತಿರ ಬರುವ ಹೊತ್ತಿಗೆ ಸುದ್ದಿ ಎಲ್ಲರ ಅಡುಗೆಮನೆಗೂ ಹೋಗಿ ಬಂದಿತ್ತು. ಊರ ಬಾಯಿಗೆ ಮುಚ್ಚಳ ಉಂಟೇ? ನವರಾತ್ರಿಯ ಅಡುಗೆಯನ್ನು ಠಾಣೆಯ ಕೇಟರರ್ ಒಬ್ಬರಿಗೆ ಕೊಡುವುದೆಂದು ಮಂಡಳಿಯ ಸಭೆ ಕರೆದರು. ಕಾಕುವನ್ನು ಕರೆದಿರಲಿಲ್ಲ. ಅವರು ತಾವೇ ಬಂದರು, ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನಾನು ಮುಂದಿನ ಸಾಲಿನಲ್ಲಿದ್ದೆ. ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಕಾರ್ಯದರ್ಶಿ ಬಾಯಿ ಸುತ್ತಿ ಬಳಸಿ ಹೇಳತೊಡಗಿದರು, "ನೋಡಿ, ಯಾರ ಮೇಲೂ ಆರೋಪ ಅಲ್ಲ. ಆದ್ರೆ ಅವರಿಗೆ ವಯಸ್ಸಾಯ್ತು, ಕಾಯಿಲೆ ಬೇರೆ, ಬಾಯಿ ಕಟ್ಟೋದು ಕಷ್ಟ. ದೇವರ ಕಾರ್ಯದಲ್ಲಿ ಅನುಮಾನ ಇರಬಾರದು ಅಲ್ವಾ."

ಕಾಕು ಎದ್ದು ನಿಂತರು. "ಬಾಯಿ ಕಟ್ಟೇನಿ. ನಿಮಗ ಕಾಣಸವಲ್ತು, ಅಷ್ಟ," ಎಂದರು. ದನಿ ಏರಿಸಲಿಲ್ಲ. "ನನ್ನ ಅಡಿಗಿ ಕಸಗೋಂತೀರಿ, ಕಸಗೋರಿ. ನನ್ನ ಮಾತ ಕಸಗೋಬ್ಯಾಡ್ರಿ. ನಾ ಸುಳ್ಳ ಹೇಳ್ತೀನಂತ ನಿಮಗ ಅನಸಿದ್ರ ಒಂದ ಕೆಲಸ ಮಾಡೂಣು. ಪಿತೃಪಕ್ಷ ಬಂತು, ಮಂಡಳಿ ಅಡಿಗಿ ಇಲ್ಲ. ಎಂಟ ದಿನ ನಿಮ್ಮ ಮನ್ಯಾಗ ಬಂದು ಇರ್ತೀನಿ. ನೀವ ಬಡಸ್ರಿ, ನೀವ ಎಷ್ಟ ಬಡಸ್ತೀರಿ ಅಷ್ಟ ಉಣ್ತೀನಿ. ಅಡಿಗಿಮನಿ ಹೊಸ್ತಲಾ ದಾಟೂದಿಲ್ಲ. ದಿನಾ ಮುಂಜಾನಿ ಈ ಗುಳಿಗಿ ಹುಡುಗಿ ಬಂದು ಬಟ್ಟ ಚುಚ್ಚಿ ಸಕ್ರಿ ನೋಡಲಿ. ಇಳೀತಂದ್ರ ನಾ ಕಳ್ಳಿ. ಇಳೀಲಿಲ್ಲಂದ್ರ ಇದ ಕುರ್ಚಿ ಮುಂದ ನಿಂತು ನೀವ ಹೇಳಬೇಕು."

ಇಲ್ಲ ಎನ್ನುವುದು ಹೇಗೆ? ಕಾರ್ಯದರ್ಶಿ ಬಾಯಿ ಒಪ್ಪಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಸೀರೆಯ ಸೆರಗನ್ನು ಹೆಗಲ ಮೇಲೆ ಮೂರು ಸಲ ಸರಿಮಾಡಿಕೊಂಡಿದ್ದು ನೆನಪಿದೆ.

ಎಂಟು ದಿನ ಬೆಳಿಗ್ಗೆ ಏಳಕ್ಕೆ ಅಂಗಡಿ ತೆರೆಯುವ ಮೊದಲು ನಾನು ಕಾರ್ಯದರ್ಶಿ ಬಾಯಿಯ ಮನೆಗೆ ಹೋದೆ. ಕಾಕು ಸ್ನಾನ ಮುಗಿಸಿ, ಹೊರಗಿನ ಕೋಣೆಯ ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೈ ಮುಂದೆ ಚಾಚಿರುತ್ತಿದ್ದರು. ಬೆರಳ ತುದಿಗಳು, ಅವರ ಮಾತಿನಲ್ಲಿ ಬಟ್ಟ, ಒಲೆಯ ಕೆಲಸದಿಂದ ಗಟ್ಟಿಯಾಗಿದ್ದವು, ಸೂಜಿ ಒಂದೇ ಸಲಕ್ಕೆ ಇಳಿಯುತ್ತಿರಲಿಲ್ಲ. "ಜೋರ ಚುಚ್ಚು, ಅಂಜಬ್ಯಾಡ," ಎನ್ನುತ್ತಿದ್ದರು. ಹನಿ ಬರುವ ತನಕ ನನ್ನ ಮುಖವನ್ನೇ ನೋಡುತ್ತಿದ್ದರು, ಯಂತ್ರವನ್ನು ನೋಡುತ್ತಿರಲಿಲ್ಲ. ಮೊದಲ ದಿನ ಇನ್ನೂರರ ಮೇಲೆ. ಮೂರನೆಯ ದಿನ ಇನ್ನೂರಕ್ಕೆ ಒಂದೆರಡು ಕಡಿಮೆ. ಐದನೆಯ ದಿನ ಪುನಃ ಇನ್ನೂರ ಹತ್ತು.

ಕಾರ್ಯದರ್ಶಿ ಬಾಯಿ ಪ್ರಾಮಾಣಿಕ ಹೆಂಗಸು, ಅದನ್ನು ನಾನು ಒಪ್ಪಲೇಬೇಕು. ಎರಡು ಜೋಳದ ರೊಟ್ಟಿ ಬಡಿಸಿದರೆ ಒಂದೂವರೆಗೆ ಕಾಕು ಎದೆಯ ಕೆಳಗೆ ಬೆರಳು ಒತ್ತಿಕೊಂಡು ನಿಲ್ಲಿಸುವುದನ್ನು ಅವರು ಕಣ್ಣಾರೆ ಕಂಡರು. ಆರನೆಯ ದಿನ ಬಾಗಿಲ ಬಳಿ ನನ್ನನ್ನು ನಿಲ್ಲಿಸಿ, "ಏನಮ್ಮ ಇದು, ಹಕ್ಕಿ ತಿನ್ನೋ ಅಷ್ಟು ತಿಂತಾರೆ. ಸಕ್ಕರೆ ಎಲ್ಲಿಂದ ಬರತ್ತೆ?" ಎಂದು ಕೇಳಿದರು. ಕಾಮೋಠೆಯ ಮಗಳು ಕೇಳಿದ್ದ ಪ್ರಶ್ನೆಯೇ ಅದು. ಕೇಳುವ ದನಿ ಮಾತ್ರ ಬೇರೆಯಾಗಿತ್ತು.

ಎಂಟನೆಯ ದಿನ ನೂರ ತೊಂಬತ್ತಾರು, ಇಳಿಯಿತು ಎನ್ನುವ ಹಾಗಿರಲಿಲ್ಲ. ಅದೇ ಸಂಜೆ ಸಭೆ ಕರೆದು, ಅದೇ ಕುರ್ಚಿಯ ಮುಂದೆ ನಿಂತು, "ತಪ್ಪು ನಂದು. ಅವರ ಮಾತು ನಿಜ," ಎಂದು ಕಾರ್ಯದರ್ಶಿ ಬಾಯಿ ಹೇಳಿದರು. ಎಲ್ಲರೂ ನನ್ನ ಹೆಸರು ಬರುತ್ತದೆಯೇ ಎಂದು ಕಾದಿದ್ದರೋ ಇಲ್ಲವೋ, ನಾನಂತೂ ಕಾದಿದ್ದೆ. ಬರಲಿಲ್ಲ. ಆ ಹೆಂಗಸು ಇಡೀ ತಪ್ಪನ್ನು ತಾನೇ ಹೊತ್ತುಕೊಂಡಿತು. ಎದ್ದು ನಿಂತು ಹೇಳುವುದಕ್ಕೆ ನನಗೆ ಅರ್ಧ ನಿಮಿಷ ಸಾಕಿತ್ತು, ಆ ಅರ್ಧ ನಿಮಿಷ ನಾನು ಹೇಡಿಯ ಹಾಗೆ ಕೂತೇ ಇದ್ದೆ.

ಆ ನವರಾತ್ರಿಯ ಒಂಬತ್ತು ದಿನವೂ ಕಾಕುವಿನದೇ ಅಡುಗೆ. ಅಷ್ಟಮಿಯ ಊಟಕ್ಕೆ ಕಾರ್ಯದರ್ಶಿ ಬಾಯಿಯ ಅಣ್ಣನ ಮಗಳು ಬಂದಿದ್ದಳು. ಠಾಣೆಯ ಆಸ್ಪತ್ರೆಯೊಂದರಲ್ಲಿ ಹೊಟ್ಟೆಯ ಡಾಕ್ಟರು, ಮೂವತ್ತು ದಾಟಿರಲಿಲ್ಲ. ಎಂಟು ದಿನದ ಕತೆಯನ್ನು ಅತ್ತೆ ಹೇಳಿದ್ದರು. ಊಟವಾದ ಮೇಲೆ ಆಕೆ ನೇರ ಅಡುಗೆಮನೆಯ ಬಾಗಿಲಿಗೆ ಬಂದು ಕಾಕುವನ್ನು ಮಾತಾಡಿಸಿದಳು. ಸಕ್ಕರೆಯ ವಿಷಯ ಕೇಳುತ್ತಾಳೆಂದು ನಾನು ಅಂದುಕೊಂಡಿದ್ದೆ. ಆಕೆ ಕೇಳಿದ್ದು ಎರಡು ಬೆರಳಿನ ವಿಷಯ. "ಅಲ್ಲಿ ಒತ್ತಿ ಹಿಡ್ಕೋತೀರಲ್ಲ ಕಾಕು, ಅದು ಎಷ್ಟು ವರ್ಷದಿಂದ?"

"ಮಗಳ ಬಾಣಂತನದಾಗಿಂದ," ಎಂದರು ಕಾಕು. ಮಗಳ ಮಗಳು ಆಗ ಹತ್ತನೇ ಕ್ಲಾಸು.

ಹೊಟ್ಟೆಯೊಳಗೆ ಒಂದು ಜಾತಿಯ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರಬಹುದು, ನಮ್ಮ ದೇಶದಲ್ಲಿ ಬಹಳ ಜನರಿಗೆ ಚಿಕ್ಕಂದಿನಲ್ಲೇ ಹತ್ತಿಕೊಂಡು ಗೊತ್ತಾಗದೆಯೇ ಉಳಿಯುತ್ತದೆ, ಕೆಲವರಿಗೆ ಹುಣ್ಣಾಗುತ್ತದೆ ಎಂದು ಆಕೆ ವಿವರಿಸಿದಳು. ಅದಕ್ಕೊಂದು ಉಸಿರಿನ ಪರೀಕ್ಷೆ ಇದೆ. ಗುಳಿಗೆಯೊಂದನ್ನು ನುಂಗಿ, ಸ್ವಲ್ಪ ಹೊತ್ತು ಕಾದು, ಚೀಲವೊಂದಕ್ಕೆ ಊದಬೇಕು. ಆದರೆ ಅದಕ್ಕೆ ಹದಿನೈದು ದಿನ ಮೊದಲಿಂದ ಹೊಟ್ಟೆ ಉರಿಯ ಗುಳಿಗೆಯನ್ನು ಪೂರ್ತಿ ನಿಲ್ಲಿಸಬೇಕು. ಆ ಗುಳಿಗೆ ಒಳಗಿದ್ದರೆ ಬ್ಯಾಕ್ಟೀರಿಯಾ ಮಂಕಾಗಿ ಬಿದ್ದಿರುತ್ತದೆ, ಪರೀಕ್ಷೆಗೆ ಸಿಗುವುದಿಲ್ಲ. "ಒಂದೂ ತಗೋಬಾರದು," ಎಂದು ಆಕೆ ಹೇಳಿದ್ದು ಕಾಕುವಿಗಿಂತ ಹೆಚ್ಚಾಗಿ ನನ್ನ ಮುಖ ನೋಡಿ.

ದೀಪಾವಳಿ ಮುಗಿದ ಮೇಲೆ ಉರಿಯ ಗುಳಿಗೆ ನಿಲ್ಲಿಸಿದರು. ಆರನೆಯ ದಿನ ಮಧ್ಯಾಹ್ನ ಕಾಕು ಅಂಗಡಿಗೆ ಬಂದರು. ಮುಖ ಬೂದಿ ಬಣ್ಣ. ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. "ಒಳಗ ಕೆಂಡ ಹಾಕಿಧಂಗ ಆಗೇದ. ಏನಾರ ಕೊಡು. ಆ ಗುಳಿಗಿ ಬ್ಯಾಡ, ಬ್ಯಾರೇದ ಏನಾರ."

ನನ್ನ ತಲೆಗೆ ಗೊತ್ತಿತ್ತು. ಕೈ ಕೇಳಲಿಲ್ಲ. ಅವರ ಮೇಲೆ ನನಗಿದ್ದ ತಪ್ಪಿತಸ್ಥ ಭಾವ ಕರುಣೆಯ ವೇಷ ಹಾಕಿಕೊಂಡು ಬಂದಿತ್ತು. ಅದೇ ಔಷಧಿಯನ್ನು ಬೇರೆ ಕಂಪನಿಯ, ಬೇರೆ ಬಣ್ಣದ ಕ್ಯಾಪ್ಸೂಲಿನಲ್ಲಿ ಕೊಟ್ಟೆ, ಸಣ್ಣ ಪ್ರಮಾಣ, ಪರವಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. "ಇದು ಆ ಗುಳಿಗಿ ಅಲ್ಲಲಾ?" ಎಂದು ಕೇಳಿದರು. "ಅಲ್ಲ ಕಾಕು, ಇದು ಬೇರೆ," ಎಂದೆ. ಪರೀಕ್ಷೆಯ ಹಿಂದಿನ ದಿನದವರೆಗೂ ಕೊಟ್ಟೆ.

ಠಾಣೆಗೆ ನಾನೇ ಕರೆದುಕೊಂಡು ಹೋದೆ. ಲೇಡೀಸ್ ಡಬ್ಬಿಯಲ್ಲಿ ಜಾಗ ಸಿಗದೆ ನಿಂತೇ ಹೋದೆವು. ಚೀಲಕ್ಕೆ ಊದುವಾಗ ಕಾಕು ನಕ್ಕರು. "ಜನ್ಮೆಲ್ಲಾ ಅಡಿಗಿಗೆ ಉಸಿರು ತಾಗಬಾರ್ದಂತ ಹಿಡದ ಇಟ್ಕೊಂಡೆ. ಈಗ ಅದನ್ನ ಬೇಡ್ತಾರ." ಫಲಿತಾಂಶ ಬಂತು, ಬ್ಯಾಕ್ಟೀರಿಯಾ ಇಲ್ಲ.

ಮಂಡಳಿಯಲ್ಲಿ ಮತ್ತೆ ಗುಸುಗುಸು ಶುರುವಾಯಿತು. ಹೊಟ್ಟೆಯಲ್ಲೂ ಏನಿಲ್ಲವಂತೆ, ಎಂಟು ದಿನ ಯಾರು ಬೇಕಾದರೂ ಬಾಯಿ ಕಟ್ಟಬಹುದು, ಅದಕ್ಕಿಂತ ಮೊದಲು ತಿಂದದ್ದು ಮೈಯಲ್ಲಿ ಇತ್ತೋ ಏನೋ. ಇಂಥ ವೈದ್ಯಶಾಸ್ತ್ರಕ್ಕೆ ಕಾಲೇಜು ಬೇಕಾಗಿಲ್ಲ. ಕಾಕುವಿನ ಕಿವಿಗೂ ಬಿತ್ತು. ಬರುವ ಸಂಕ್ರಾಂತಿಯ ಅಡುಗೆ ಮುಗಿಸಿ ಕೈ ತೊಳೆದುಕೊಂಡು, ಆಮೇಲೆ ಮಂಡಳಿಯ ಪಾತ್ರೆ ಮುಟ್ಟುವುದಿಲ್ಲ ಎಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳಿದರು. "ಎಷ್ಟ ಸಲ ಕೈ ಚಾಚಲಿ ಚುಚ್ಚರಿ ಅಂತ? ಬಟ್ಟ ತೀರಿದ್ವು." ಅವರು ಸೋತ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನ್ನಿಂದ ತಡೆಯಲಾಗಲಿಲ್ಲ.

"ಕಾಕು, ನಾನು ಕೊಟ್ಟದ್ದು ಅದೇ ಗುಳಿಗೆ. ಬಣ್ಣ ಮಾತ್ರ ಬೇರೆ. ಪರೀಕ್ಷೆ ಕೆಡಿಸಿದ್ದು ನಾನು."

ಬೈಯುತ್ತಾರೆಂದು ಕಾದೆ. ಅವರು ಮೊಣಕಾಲು ಹಿಡಿದುಕೊಂಡು ಎದ್ದರು. "ಹಂಗಾದ್ರ ಮತ್ತ ಊದತೀನಿ, ನಡಿ," ಎಂದರು. "ಈ ಸಲ ಕೆಂಡ ಅಲ್ಲ, ಒಲಿನ ಹಾಕಿದ್ರೂ ನಿನ್ನ ಹತ್ರ ಬರೂದಿಲ್ಲ."

ಬರಲಿಲ್ಲ. ಹದಿನೈದು ದಿನ ತಣ್ಣಗಿನ ಹಾಲಿನ ಮೇಲೆ, ಹಲ್ಲು ಕಚ್ಚಿಕೊಂಡು ಕಳೆದರು. ಎರಡನೆಯ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿಬಿತ್ತು. ಹದಿನಾಲ್ಕು ದಿನದ ಔಷಧಿ, ಮೂರು ತರಹದ ಗುಳಿಗೆ, ಎರಡು ಹೊತ್ತು. ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಾಗುತ್ತಿತ್ತಂತೆ. ವಾಕರಿಕೆ, ಭೇದಿ. ಮಗಳು ಅರ್ಧಕ್ಕೇ ಬಿಡು ಎಂದಳು. "ಅರ್ಧಾ ಬೇಯಿಸಿದ ಬ್ಯಾಳಿ ಯಾರಾರ ಬಡಸ್ತಾರನು?" ಎಂದು ಕೇಳಿ ಹದಿನಾಲ್ಕನೆಯ ದಿನದ ಕೊನೆಯ ಗುಳಿಗೆಯನ್ನು ನನ್ನ ಕೌಂಟರಿನ ಮುಂದೆ ನಿಂತೇ ನುಂಗಿದರು.

ಉರಿ ಹೋಯಿತು. ಎರಡು ಬೆರಳು ಎದೆಯ ಕೆಳಗಿನಿಂದ ಇಳಿದವು. ಎರಡು ರೊಟ್ಟಿ ಪೂರ್ತಿ ಉಣ್ಣತೊಡಗಿದರು. ನಾಲ್ಕು ತಿಂಗಳ ಮೇಲೆ ನೋಡಿದರೆ ಸಕ್ಕರೆ ನೂರ ನಲವತ್ತರ ಹತ್ತಿರ, ಮೂರು ಗುಳಿಗೆಯಲ್ಲಿ ಒಂದನ್ನು ನಿಲ್ಲಿಸಿದರು. ನಾನು ಕುಣಿಯುವುದೊಂದು ಬಾಕಿ. ಠಾಣೆಯ ಡಾಕ್ಟರಮ್ಮ ಮಾತ್ರ ಕೈ ಅಡ್ಡ ಹಿಡಿದಳು.

"ಆ ಬ್ಯಾಕ್ಟೀರಿಯಾದಿಂದಲೇ ಸಕ್ಕರೆ ಏರಿತ್ತು ಅಂತ ನಾನು ಹೇಳೋದಿಲ್ಲ ಕಾಕು. ವರ್ಷಗಟ್ಟಲೆ ಹೊಟ್ಟೆ ಒಳಗೆ ಉರಿಯೂತ ಇದ್ರೆ ಮೈಯಲ್ಲಿ ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಆಗ್ಬಹುದು ಅಂತ ಕೆಲವರು ಅಂತಾರೆ, ಇನ್ನು ಕೆಲವರು ಒಪ್ಪಲ್ಲ. ಇನ್ನೂ ತೀರ್ಮಾನ ಆಗಿಲ್ಲ. ನೀವು ಈಗ ಹೊತ್ತಿಗೆ ಸರಿಯಾಗಿ ಊಟ ಮಾಡ್ತೀರಿ, ನಿದ್ದೆ ಬರತ್ತೆ, ಅದರಿಂದಲೂ ಇಳಿದಿರಬಹುದು. ಸಂಬಂಧ ಇರಬಹುದು, ಅಷ್ಟೇ. ಸಕ್ಕರೆ ಗುಳಿಗೆ ಬಿಡೋ ಹಾಗಿಲ್ಲ."

ನನಗೆ ನಿರಾಸೆಯಾಯಿತು. ಇಷ್ಟು ಪಾಡುಪಟ್ಟದ್ದು ಒಂದು 'ಇರಬಹುದು'ಗೆ ಎಂದು ರೇಗಿಯೂ ಹೋಯಿತು. ಹೊರಗೆ ಬಂದು ಅದನ್ನೇ ಹೇಳಿದೆ. ಕಾಕು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತುಬಿಟ್ಟರು.

"ಏ ಹುಡುಗಿ, ನನಗ ಅದ ಸಾಕು," ಎಂದರು. "ಡಾಕ್ಟರು, ಮಗಳು, ಮಂಡಳಿಯಾಕಿ, ಎಲ್ಲಾರೂ 'ಹೌದು, ತಿಂತಾಳ' ಅಂದ್ರು. ಯಾರಿಗೂ ಸಂಶಯ ಇದ್ದಿದ್ದಿಲ್ಲ. ಇಷ್ಟ ಓದಿದ ಹುಡುಗಿ ಒಬ್ಬಾಕಿನ 'ಇರಬಹುದು' ಅಂದ್ಲು. ಆ ಒಂದ ಮಾತು ಮೊದಲ ಯಾರಾರ ಅಂದಿದ್ರ ನಾ ಯಾರ ಮನ್ಯಾಗೂ ಹೋಗಿ ಎಂಟ ದಿನ ಕೈ ಚಾಚತಿದ್ದಿಲ್ಲ."

ಅವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಇಲ್ಲದ್ದೇ ನನಗೆ ಹೆಚ್ಚು ಚುಚ್ಚಿತು. ಬಣ್ಣದ ಕ್ಯಾಪ್ಸೂಲಿನ ತಪ್ಪನ್ನು ಒಪ್ಪಿಕೊಂಡಿದ್ದೆ. ಅದಕ್ಕಿಂತ ದೊಡ್ಡದು, ಕಾರ್ಯದರ್ಶಿ ಬಾಯಿಯ ಕಿವಿಗೆ ಮಾತು ಹಾಕಿದ್ದು, ಇನ್ನೂ ಗಂಟಲಲ್ಲೇ ಇತ್ತು. ಆವತ್ತೂ ಹೊರಗೆ ಬರಲಿಲ್ಲ. ಆಮೇಲೆ ಆರೇಳು ವರ್ಷ ಬರಲಿಲ್ಲ.

ಸಂಕ್ರಾಂತಿಯ ಶಪಥವನ್ನು ಕಾಕು ಮುರಿದರು. ಮುಂದಿನ ನವರಾತ್ರಿಗೆ ಮಂಡಳಿಯ ಅಡುಗೆಮನೆಗೆ ವಾಪಸು ಬಂದರು, ಅದೂ ಷರತ್ತಿನ ಮೇಲೆ. ಅಡುಗೆಮನೆಯ ಬಾಗಿಲು ತೆರೆದೇ ಇರಬೇಕು, ಅನುಮಾನ ಇದ್ದವರು ಬಂದು ನಿಂತು ನೋಡಬೇಕು, ನಿಂತವರು ಸುಮ್ಮನೆ ನಿಲ್ಲದೆ ತೆಂಗಿನಕಾಯಿ ತುರಿಯಬೇಕು. ಅನುಮಾನ ಇದ್ದವರೆಲ್ಲ ಎರಡೇ ದಿನಕ್ಕೆ ಕರಗಿಹೋದರು. ನಾನು ಮಾತ್ರ ಪ್ರತಿ ವರ್ಷ ಹೋಗಿ ಕಾಯಿ ತುರಿದೆ. ಒಲೆಯ ಮುಂದೆ ನನ್ನನ್ನು ನಿಲ್ಲಿಸಿ ಕೇಳಲು ಕಲಿಸುತ್ತಿದ್ದರು. ಉಪ್ಪು ಸಾಲದ ಸಾರು ತೆಳ್ಳಗೆ ಗದ್ದಲ ಮಾಡುತ್ತದೆ, ಹದಕ್ಕೆ ಬಂದರೆ ದನಿ ಕೂರುತ್ತದೆ ಎನ್ನುತ್ತಿದ್ದರು. ನನಗೆ ಯಾವತ್ತೂ ಕುದಿಯುವ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆದರೂ "ಹೌದು ಕಾಕು, ಕೂತಿತು," ಎಂದು ತಲೆಯಾಡಿಸುತ್ತಿದ್ದೆ.

ಕೊನೆಯ ವರ್ಷ ಅವರ ಹೃದಯ ದಣಿಯಿತು. ಕಾಲು ಬಾತು, ನಾಲ್ಕು ಹೆಜ್ಜೆಗೆ ಏದುಸಿರು. ಮಗಳು ಕಾಮೋಠೆಗೆ ಕರೆದುಕೊಂಡು ಹೋದಳು. ಒಂದು ಭಾನುವಾರ ಕಲ್ಯಾಣದಿಂದ ಪನವೇಲಿನ ಬಸ್ಸು ಹಿಡಿದು, ಶೀಳ್ ಫಾಟಾದ ಕೂಡುರಸ್ತೆಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಬೆಂದು, ನಾನು ಅಲ್ಲಿಗೆ ಹೋದೆ. ಏನಾದರಾಗಲಿ, ಇವತ್ತು ಹೇಳಿಯೇ ಬರುವುದು ಎಂದು ನಿರ್ಧರಿಸಿಕೊಂಡು ಹೋಗಿದ್ದೆ.

ದಿಂಬಿಗೆ ಒರಗಿ ಕೂತಿದ್ದರು. ಮಗಳು ಸಾರು ಒಲೆಯ ಮೇಲಿಟ್ಟು ಹಾಲು ತರಲು ಕೆಳಗೆ ಹೋದಳು. ನಾನು ಹೇಳಿದೆ, "ಕಾಕು, ಆವತ್ತು ಮಂಡಳಿಯವರಿಗೆ ನೀವು ರುಚಿ ನೋಡ್ತೀರಿ ಅಂತ ಹೇಳಿದ್ದು ಬೇರೆ ಯಾರೂ ಅಲ್ಲ, ನಾನು."

"ಗೊತ್ತದ," ಎಂದರು.

"ಯಾವಾಗಿಂದ?"

"ಸಭಾದಾಗ ಎಲ್ಲಾರೂ ತಿರುಗಿ ನನ್ನ ನೋಡಿದ್ರು, ನೀ ಒಬ್ಬಾಕಿ ನೋಡಲಿಲ್ಲ." ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಲ್ಲಿಸಿದರು. "ಸಕ್ರಿ ನೋಡಲಿಕ್ಕೆ ಡೊಂಬಿವಲ್ಯಾಗ ಬ್ಯಾರೆ ಯಾರೂ ಇದ್ದಿದ್ದಿಲ್ಲೇನು? ನೀನ ಚುಚ್ಚಬೇಕು, ನೀನ ನೋಡಬೇಕಂತನ ನಿನ್ನ ಕರದೆ. ಮಂಡಳಿ ನಂಬಿದ್ರೇನು, ಬಿಟ್ರೇನು. ಇವತ್ತಿಂದ ಈ ಹುಡುಗಿ ಕೌಂಟರ್‌ನ್ಯಾಗ ನಿಂತು ಇನ್ನೊಬ್ಬರಿಗೆ ಹಂಗ ಅನಬಾರ್ದು ಅಂತಿತ್ತು."

ಎಂಟು ಬೆಳಿಗ್ಗೆ ಅವರು ಯಂತ್ರ ನೋಡದೆ ನನ್ನ ಮುಖವನ್ನು ಯಾಕೆ ನೋಡುತ್ತಿದ್ದರೆಂದು ಆಗ ತಿಳಿಯಿತು. ನಾನು ಅತ್ತುಬಿಟ್ಟೆ. ತಡೆದುಕೊಳ್ಳಲು ಪ್ರಯತ್ನಿಸಲೂ ಇಲ್ಲ.

"ಅಳೂದು ಆಮ್ಯಾಲೆ. ಸಾರು ಕುದೀಲಿಕ್ಕತ್ತದ, ಹೋಗಿ ಕೇಳು, ಉಪ್ಪು ಸಾಕೇನಂತ."

ಹೋಗಿ ಮುಚ್ಚಳ ತೆಗೆದೆ. ಮುಖ ತಿರುಗಿಸಿ, ಮೂಗು ಮುಚ್ಚಿ, ಕಿವಿ ಕೊಟ್ಟೆ. ಎಂದಿನಂತೆ ಕುದಿಯುವ ಸದ್ದು. ಹತ್ತರ ತನಕ ಎಣಿಸಿದೆ. ಆಮೇಲೆ ಅಲ್ಲಿಂದಲೇ ಹೇಳಿದೆ, "ನನಗೆ ಎಂತದೂ ಗೊತ್ತಾಗ್ತಿಲ್ಲ ಕಾಕು. ಯಾವತ್ತೂ ಗೊತ್ತಾಗಿಲ್ಲ."

"ಇವತ್ತ ಕಲತಿ ನೋಡು," ಎಂದರು ಒಳಗಿನಿಂದ.

ಅದಾಗಿ ಮೂರನೆಯ ವಾರಕ್ಕೆ ಕಾಕು ತೀರಿಕೊಂಡರು. ನಮ್ಮ ಅಂಗಡಿ ಈಗಲೂ ಅಲ್ಲೇ ಇದೆ. ಇವರು ಕದ್ದು ಸಿಹಿ ತಿನ್ನುತ್ತಾರೆ, ಅದಕ್ಕೇ ಸಕ್ಕರೆ ಇಳಿಯುವುದಿಲ್ಲ ಅಲ್ಲವೇ ಎಂದು ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೆಂಡತಿ ಕೇಳುತ್ತಾಳೆ, ಅತ್ತೆಯನ್ನು ನಿಲ್ಲಿಸಿಕೊಂಡು ಸೊಸೆ ಕೇಳುತ್ತಾಳೆ. ಗೊತ್ತಿಲ್ಲ, ಡಾಕ್ಟರಿಗೆ ತೋರಿಸಿ, ಹೊಟ್ಟೆ ಉರಿ ಇದ್ದರೆ ಅದನ್ನೂ ಹೇಳಿ ಎನ್ನುತ್ತೇನೆ. ಇಷ್ಟು ವರ್ಷ ಅಂಗಡಿ ನಡೆಸಿ ಇಷ್ಟೂ ಗೊತ್ತಿಲ್ಲವೇ ಎಂದು ಕೆಲವರು ಸಿಟ್ಟಾಗಿ ಎದುರಿನ ಅಂಗಡಿಗೆ ಹೋಗುತ್ತಾರೆ. ಹೋಗುವವರು ಹೋಗಲಿ.